ಧ್ರುವದ ಹಿಮಕ್ಕೆ ನೀರು ಎಲ್ಲಿಂದ? ಭೂಕಕ್ಷೆಯ ಚಕ್ರಗಳು ಮತ್ತು ಮಲೆನಾಡಿನ ಒಂದು ವಾದ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಹಳೆಯ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕವನ್ನು ಇಂದಿಗೂ ಇಂಚು ಮತ್ತು ಸೆಂಟ್‌ಗಳಲ್ಲಿ (ಇಂಚಿನ ನೂರನೇ ಒಂದು ಪಾಲು) ಬರೆದಿಡುವ ರೂಢಿಯಿದೆ. ಕಾಫಿ ಮೊಗ್ಗು ಅರಳಿಸುವ ಹೂಮಳೆ ಯಾವ ದಿನ ಬಂತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಬಂತೇ ಇಲ್ಲವೇ, ಜುಲೈನಲ್ಲಿ ಎಷ್ಟು ಸುರಿಯಿತು ಎಂಬುದೆಲ್ಲ ತಲೆಮಾರುಗಳಿಂದ ದಾಖಲಾಗುತ್ತ ಬಂದಿದೆ. ಇತ್ತೀಚಿನ ವರ್ಷಗಳ ಏರುಪೇರನ್ನು ಈ ಪುಸ್ತಕಗಳ ಆಧಾರದ ಮೇಲೆ ಚರ್ಚಿಸುವಾಗ ಒಂದು ವಾದ ಮತ್ತೆ ಮತ್ತೆ ಕೇಳಿಬರುತ್ತದೆ: ಹವಾಮಾನ ಎಂದೂ ಒಂದೇ ತೆರನಾಗಿ ಇದ್ದಿಲ್ಲ, ಹಿಮಯುಗಗಳು ಬಂದಿವೆ, ಹೋಗಿವೆ, ಭೂಮಿಯ ಕಕ್ಷೆಯೇ ಬದಲಾಗುತ್ತಿರುತ್ತದೆ, ಆದ್ದರಿಂದ ಈಗಿನದೂ ಪ್ರಕೃತಿಯ ಒಂದು ಚಕ್ರ. ಈ ವಾದದಲ್ಲಿ ಕೊನೆಯ ತೀರ್ಮಾನವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಿಜ. ಕಕ್ಷೆಯ ಚಕ್ರಗಳನ್ನು ತಳ್ಳಿಹಾಕಿ ಇದಕ್ಕೆ ಉತ್ತರ ಕೊಡುವುದು ಸರಿಯಾಗದು. ಆ ಚಕ್ರಗಳು ಎಷ್ಟು ದೊಡ್ಡವು, ಎಷ್ಟು ನಿಧಾನ, ಈಗ ಯಾವ ದಿಕ್ಕಿನಲ್ಲಿ ಸಾಗುತ್ತಿವೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಹಾಗೆ ನೋಡಿದಾಗ ಧ್ರುವಗಳ ಚಳಿಗಿಂತ ಧ್ರುವಗಳಿಗೆ ತಲುಪುವ ತೇವಾಂಶದ ಕಥೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಈ ಚಲನೆಗಳಲ್ಲಿ ಒಂದು ನಮ್ಮ ಪಂಚಾಂಗದಲ್ಲೇ ಇದೆ. ಸೂರ್ಯನು ಉತ್ತರದತ್ತ ತಿರುಗುವುದು ಡಿಸೆಂಬರ್ 21 ಅಥವಾ 22ರಂದು, ಆದರೆ ನಾವು ಎಳ್ಳುಬೆಲ್ಲ ಹಂಚುವ ಮಕರ ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ರಂದು. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಕೂಡಿಯೇ ಬರುತ್ತಿದ್ದವು. ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಲ್ಲಿ ಆಕಾಶದಲ್ಲಿ ಒಂದು ಪೂರ್ಣ ಸುತ್ತು ಬರುವುದರಿಂದ, ನಕ್ಷತ್ರಗಳ ಲೆಕ್ಕದ ವರ್ಷಕ್ಕೂ ಋತುಗಳ ಲೆಕ್ಕದ ವರ್ಷಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆಯುತ್ತದೆ. ಪಂಚಾಂಗಕರ್ತರು ಅಯನಾಂಶವೆಂದು ಕೊಡುವ ಸುಮಾರು 24 ಡಿಗ್ರಿಯ ಅಂಕಿ ಈ ಅಂತರದ್ದೇ. ಇದರ ಜೊತೆಗೆ ಭೂಮಿಯ ದೀರ್ಘವೃತ್ತಾಕಾರದ ಕಕ್ಷೆಯೂ ನಿಧಾನವಾಗಿ ತಿರುಗುತ್ತದೆ. ಹೀಗಾಗಿ ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವ ಬಿಂದು, ಅಂದರೆ ಪುರರವಿ, ವರ್ಷದ ಎಲ್ಲ ಋತುಗಳನ್ನು ಸುತ್ತಿ ಬರಲು 19,000ದಿಂದ 23,000 ವರ್ಷ ಬೇಕಾಗುತ್ತದೆ. ಈಗ ಪುರರವಿ ಬರುವುದು ಜನವರಿಯ ಮೊದಲ ವಾರದಲ್ಲಿ. ಆಗ ಸೂರ್ಯ ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತಾನೆ. ಜುಲೈನ ಮೊದಲ ವಾರದಲ್ಲಿ ಆ ದೂರ 15.2 ಕೋಟಿ ಕಿಲೋಮೀಟರ್. ಇವೆರಡರ ನಡುವೆ ಭೂಮಿಗೆ ಸಿಗುವ ಬಿಸಿಲಿನಲ್ಲಿ ಶೇಕಡ 7ರಷ್ಟು ವ್ಯತ್ಯಾಸವಿದೆ. ಹಳೇಬೀಡು, ಬೇಲೂರು ಸೀಮೆ ಹೊಯ್ಸಳರ ಕೈಯಲ್ಲಿದ್ದ ಕಾಲದಲ್ಲಿ, ಕ್ರಿ.ಶ. 1246ರ ಸುಮಾರಿಗೆ, ಪುರರವಿಯು ಡಿಸೆಂಬರಿನ ಅಯನ ಬದಲಾಗುವ ದಿನಕ್ಕೇ ಕೂಡಿ ಬಂದಿತ್ತು. ಆಮೇಲಿನ ಸುಮಾರು ಎಂಟು ಶತಮಾನಗಳಲ್ಲಿ ಅದು ಸರಿದಿರುವುದು ಎರಡು ವಾರದಷ್ಟು ಮಾತ್ರ.

ಎರಡನೆಯದು ಅಕ್ಷದ ಓಲುವಿಕೆ. ಈಗ 23.44 ಡಿಗ್ರಿ ಇರುವ ಈ ಓಲು 22.1 ಮತ್ತು 24.5 ಡಿಗ್ರಿಗಳ ನಡುವೆ ಸುಮಾರು 41,000 ವರ್ಷಗಳಿಗೊಮ್ಮೆ ಹೋಗಿ ಬರುತ್ತದೆ. ಅದು ಗರಿಷ್ಠದಲ್ಲಿದ್ದುದು ಸುಮಾರು 10,700 ವರ್ಷಗಳ ಹಿಂದೆ; ಈಗ ಇಳಿಯುತ್ತಿದೆ, ಇನ್ನೂ ಸುಮಾರು ಹತ್ತು ಸಾವಿರ ವರ್ಷ ಇಳಿಯಲಿದೆ. ಇಳಿಕೆಯ ವೇಗ ಕಣ್ಣಿಗೆ ಕಾಣುವ ಜಾಗವೂ ಒಂದಿದೆ. ಓಲು ಕಡಿಮೆಯಾದಂತೆ, ಬೇಸಿಗೆಯಲ್ಲಿ ಸೂರ್ಯ ಮುಳುಗದ ದಿನವಿರುವ ಪ್ರದೇಶದ ಗಡಿಯಾದ ಆರ್ಕ್ಟಿಕ್ ವೃತ್ತ ವರ್ಷಕ್ಕೆ ಸರಾಸರಿ 14.5 ಮೀಟರ್‌ನಂತೆ ಉತ್ತರಕ್ಕೆ ಸರಿಯುತ್ತದೆ. ಆ ವೃತ್ತ ಹಾದುಹೋಗುವ ಐಸ್‌ಲ್ಯಾಂಡಿನ ಗ್ರಿಮ್ಸೆ ಎಂಬ ಪುಟ್ಟ ದ್ವೀಪದಲ್ಲಿ 2017ರಲ್ಲಿ ಮೂರು ಮೀಟರ್ ವ್ಯಾಸದ, ಎಂಟು ಟನ್ ತೂಕದ ಕಾಂಕ್ರೀಟ್ ಗೋಳವೊಂದನ್ನು ಇರಿಸಲಾಯಿತು. ವೃತ್ತ ಸರಿದಂತೆ ಗೋಳವನ್ನೂ ಸರಿಸುತ್ತ ಹೋಗಬೇಕೆಂಬುದು ಅದರ ಉದ್ದೇಶ. ಈ ಶತಮಾನದ ನಡುಭಾಗದ ಹೊತ್ತಿಗೆ ವೃತ್ತವು ಆ ದ್ವೀಪವನ್ನೇ ಬಿಟ್ಟು ಸಮುದ್ರಕ್ಕೆ ಇಳಿಯಲಿದೆ.

ಮೂರನೆಯದಾದ ಕಕ್ಷೆಯ ಉತ್ಕೇಂದ್ರತೆ, ಅಂದರೆ ಅದು ವೃತ್ತದಿಂದ ಎಷ್ಟು ಚಪ್ಪಟೆಯಾಗಿದೆ ಎಂಬುದು, ಸುಮಾರು ಒಂದು ಲಕ್ಷ ಮತ್ತು 4,05,000 ವರ್ಷಗಳ ಅವಧಿಗಳಲ್ಲಿ ಬದಲಾಗುತ್ತದೆ. ಕಕ್ಷೆ ಹೆಚ್ಚು ಚಪ್ಪಟೆಯಾಗಿದ್ದಾಗ ಪುರರವಿಯ ಪರಿಣಾಮ ಹೆಚ್ಚು. ವೃತ್ತಕ್ಕೆ ಹತ್ತಿರವಾದಾಗ ಪುರರವಿ ಯಾವ ಋತುವಿನಲ್ಲಿ ಬಂದರೂ ವ್ಯತ್ಯಾಸ ಅಲ್ಪ. ಈಗ ಉತ್ಕೇಂದ್ರತೆ 0.0167ರಷ್ಟಿದ್ದು, ಇಳಿಯುತ್ತಿದೆ.

ಈ ಬದಲಾವಣೆಗಳಿಗೆ ಕಾರಣ ಗುರುತ್ವ. ಗುರು, ಶುಕ್ರ ಮೊದಲಾದ ಗ್ರಹಗಳು ಭೂಮಿಯ ಕಕ್ಷೆಯನ್ನು ಎಳೆದು ತಿದ್ದುತ್ತವೆ. ಸೂರ್ಯ ಚಂದ್ರರು ನಡುಭಾಗ ಉಬ್ಬಿದ ಭೂಮಿಯ ಅಕ್ಷವನ್ನು ತಿರುಗಿಸುತ್ತಾರೆ. ಇಂಥ ಎಳೆತ ದಿನನಿತ್ಯದ ಕೆಲಸವಾಗಿರುವ ಜಾಗ ಹಾಸನದಲ್ಲೇ ಇದೆ. ಸಾಲಗಾಮೆ ರಸ್ತೆಯಲ್ಲಿ 1982ರಿಂದ ಕೆಲಸ ಮಾಡುತ್ತಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವು ನಮ್ಮ ಹವಾಮಾನದ ಚಿತ್ರಗಳನ್ನು ಕಳಿಸುವ ಇನ್ಸಾಟ್ ಸರಣಿಯ ಭೂಸ್ಥಿರ ಉಪಗ್ರಹಗಳನ್ನು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸ್ಥಾನ ತಪ್ಪದಂತೆ ನೋಡಿಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ಸೂರ್ಯ ಚಂದ್ರರ ಸೆಳೆತದಿಂದ ಅವುಗಳ ಕಕ್ಷೆ ವರ್ಷಕ್ಕೆ ಒಂದು ಡಿಗ್ರಿಗೆ ಸ್ವಲ್ಪ ಕಡಿಮೆ ವಾಲುತ್ತ ಹೋಗುತ್ತದೆ. ಇಂಧನ ಉರಿಸಿ ಅದನ್ನು ಆಗಾಗ ತಿದ್ದಬೇಕಾಗುತ್ತದೆ. ಭೂಮಿಯ ಕಕ್ಷೆಯನ್ನು ಹಾಗೆ ತಿದ್ದುವವರಿಲ್ಲ. ಆದರೆ ಲೆಕ್ಕ ಅದೇ ಯಂತ್ರಶಾಸ್ತ್ರದ್ದಾದ್ದರಿಂದ, ಅನೇಕ ಲಕ್ಷ ವರ್ಷಗಳ ಹಿಂದಿನ ಮತ್ತು ಮುಂದಿನ ಕಕ್ಷೆಯನ್ನು ಬಹಳ ನಿಖರವಾಗಿ ಹೇಳಬಹುದು. ಹವಾಮಾನದ ಇನ್ನಾವ ಕಾರಣದ ಬಗ್ಗೆಯೂ ಇಷ್ಟು ಖಚಿತವಾದ ವೇಳಾಪಟ್ಟಿ ನಮ್ಮಲ್ಲಿಲ್ಲ.

ಒಂದು ಸಂಗತಿಯನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಅಕ್ಷದ ಓಲು ಮತ್ತು ಪುರರವಿಯ ಸರಿಯುವಿಕೆಗಳಿಂದ ಇಡೀ ಭೂಮಿಗೆ ವರ್ಷಪೂರ್ತಿ ಸಿಗುವ ಒಟ್ಟು ಬಿಸಿಲು ಬದಲಾಗುವುದೇ ಇಲ್ಲ. ಉತ್ಕೇಂದ್ರತೆಯಿಂದ ಆಗುವ ಬದಲಾವಣೆಯೂ ಶೇಕಡ 0.2ನ್ನು ದಾಟುವುದಿಲ್ಲ. ಬದಲಾಗುವುದು ಹಂಚಿಕೆ: ಯಾವ ಅಕ್ಷಾಂಶಕ್ಕೆ, ಯಾವ ಋತುವಿನಲ್ಲಿ ಎಷ್ಟು ಎಂಬುದು. ಇಷ್ಟು ಮಾತ್ರದ ಹಂಚಿಕೆಯ ಬದಲಾವಣೆಯಿಂದ ಕೆನಡಾದ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪದ ಹಿಮಹಾಸು ಹೇಗೆ ಬೆಳೆಯಿತು ಎಂಬುದೇ ಈ ವಿಷಯದ ತಿರುಳು.

ಹತ್ತೊಂಬತ್ತನೇ ಶತಮಾನದಲ್ಲಿ ಗ್ಲಾಸ್ಗೋದ ಒಂದು ವಸ್ತುಸಂಗ್ರಹಾಲಯದಲ್ಲಿ ಜವಾನನಾಗಿ ಕೆಲಸ ಮಾಡುತ್ತ, ಅಲ್ಲಿನ ಗ್ರಂಥಾಲಯದಲ್ಲಿ ಓದಿಕೊಂಡ ಜೇಮ್ಸ್ ಕ್ರೋಲ್, ಚಳಿಗಾಲದಲ್ಲಿ ಬಿಸಿಲು ಕಡಿಮೆಯಾದಾಗ ಹಿಮಯುಗ ಬರುತ್ತದೆಂದು 1864ರಿಂದ ವಾದಿಸಿದ. ಹಿಮದ ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸಿ ಚಳಿಯನ್ನು ಇನ್ನಷ್ಟು ಹೆಚ್ಚಿಸುತ್ತದೆಂಬ ಅವನ ಒಳನೋಟ ಇಂದಿಗೂ ನಿಂತಿದೆ. ಆದರೆ ಋತುವಿನ ಆಯ್ಕೆ ಸರಿಯಿರಲಿಲ್ಲ. ಸರ್ಬಿಯಾದ ಗಣಿತಜ್ಞ ಮಿಲುಟಿನ್ ಮಿಲಾಂಕೋವಿಚ್ 1914ರಲ್ಲಿ ಯುದ್ಧ ಶುರುವಾದಾಗ ಆಸ್ಟ್ರಿಯಾ-ಹಂಗೇರಿಯಲ್ಲಿ ಸೆರೆಯಾದ. ಬಳಿಕ ಬುಡಾಪೆಸ್ಟಿನಲ್ಲಿ ಓಡಾಡಲು ಅನುಮತಿ ಸಿಕ್ಕಾಗ, ಅಲ್ಲಿನ ವಿಜ್ಞಾನ ಅಕಾಡೆಮಿಯ ಗ್ರಂಥಾಲಯದಲ್ಲಿ ಕುಳಿತು, ಪ್ರತಿ ಅಕ್ಷಾಂಶಕ್ಕೆ ಪ್ರತಿ ಋತುವಿನಲ್ಲಿ ತಲುಪುವ ಬಿಸಿಲಿನ ಲೆಕ್ಕವನ್ನು ಕೈಯಲ್ಲೇ ಮಾಡುತ್ತ ಹೋದ. ಹವಾಮಾನಶಾಸ್ತ್ರಜ್ಞ ವ್ಲಾಡಿಮಿರ್ ಕೋಪ್ಪೆನ್ ಅವನಿಗೆ ಸೂಚಿಸಿದ್ದು ಬೇಸಿಗೆಯತ್ತ ನೋಡಲು. ಧ್ರುವದ ಸಮೀಪ ಚಳಿಗಾಲ ಯಾವ ಕಕ್ಷೆಯಲ್ಲೂ ಹಿಮ ಬೀಳುವಷ್ಟು ತಣ್ಣಗೇ ಇರುತ್ತದೆ. ಬಿದ್ದ ಹಿಮ ಮುಂದಿನ ಬೇಸಿಗೆಯನ್ನು ದಾಟಿ ಉಳಿಯುವುದೇ ಎಂಬುದೇ ಪ್ರಶ್ನೆ. ಭೂಪ್ರದೇಶ ಹೆಚ್ಚಿರುವ 65 ಡಿಗ್ರಿ ಉತ್ತರ ಅಕ್ಷಾಂಶದ ಬೇಸಿಗೆಯ ಬಿಸಿಲನ್ನು ಅಳತೆಗೋಲಾಗಿ ಬಳಸಿದ ಅವನ ಸಮಗ್ರ ಗ್ರಂಥ 1941ರಲ್ಲಿ ಅಚ್ಚಾಯಿತು. ಅಲ್ಲಿನ ಜೂನ್ ತಿಂಗಳ ಬಿಸಿಲು ಕಕ್ಷೆಯ ಸ್ಥಿತಿಗೆ ತಕ್ಕಂತೆ ಚದರ ಮೀಟರಿಗೆ ಸುಮಾರು 100 ವ್ಯಾಟ್‌ನಷ್ಟು ಹೆಚ್ಚು ಕಡಿಮೆಯಾಗುತ್ತದೆ. ಇದು ಅಲ್ಪವಲ್ಲ. ಮಿಲಾಂಕೋವಿಚ್ 1958ರಲ್ಲಿ ತೀರಿಕೊಂಡಾಗಲೂ ಬಹಳಷ್ಟು ಭೂವಿಜ್ಞಾನಿಗಳು ಅವನನ್ನು ಒಪ್ಪಿರಲಿಲ್ಲ. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶ್ಯಾಕಲ್‌ಟನ್ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ತಳದ ಕೆಸರಿನಲ್ಲಿ ಇವೇ ಅವಧಿಗಳನ್ನು ಕಂಡ ಮೇಲೆ ಅಭಿಪ್ರಾಯ ಬದಲಾಯಿತು.

ಆದರೆ ಹಿಮಹಾಸು ಕಟ್ಟಲು ತಂಪೊಂದೇ ಸಾಲದು, ನೀರೂ ಬೇಕು. ಜನಪ್ರಿಯ ವಿವರಣೆಗಳು ಹೆಚ್ಚಾಗಿ ಬಿಟ್ಟುಬಿಡುವುದು ಈ ಅರ್ಧವನ್ನು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಅದು ಹಿಡಿದಿಡಬಲ್ಲ ಆವಿ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ಮೈನಸ್ 40 ಡಿಗ್ರಿಯ ಗಾಳಿ ಹಿಡಿಯಬಲ್ಲ ಆವಿ 20 ಡಿಗ್ರಿಯ ಗಾಳಿ ಹಿಡಿಯುವುದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದಲೇ ಅಂಟಾರ್ಕ್ಟಿಕಾದ ಒಳನಾಡು ಹಿಮದ ಮೇಲೆ ನಿಂತ ಮರುಭೂಮಿ. ಅಲ್ಲಿನ ಡೋಮ್ ಸಿ ಎಂಬ ಎತ್ತರದ ಬಯಲಿನಲ್ಲಿ ಇಡೀ ವರ್ಷಕ್ಕೆ ಬೀಳುವ ಹಿಮವನ್ನು ಕರಗಿಸಿದರೆ ಸಿಗುವ ನೀರು ಸುಮಾರು 25 ಮಿಲಿಮೀಟರ್, ಅಂದರೆ ಒಂದು ಇಂಚು. ಮಾರ್ಚ್ ತಿಂಗಳಲ್ಲಿ ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ ಮೊಗ್ಗು ಅರಳಿಸಲು ಸಾಕಾಗುವ ಒಂದೇ ಒಂದು ಒಳ್ಳೆಯ ಹೂಮಳೆಯಷ್ಟು. ಇಷ್ಟು ಜಿಪುಣತನದ ಹಿಮಪಾತವೇ ಪದರದ ಮೇಲೆ ಪದರವಾಗಿ ಕೂಡಿ ಅಲ್ಲಿ ಮೂರು ಕಿಲೋಮೀಟರ್‌ಗೂ ದಪ್ಪದ ಹಿಮವಾಗಿದೆ; ಯುರೋಪಿನ ವಿಜ್ಞಾನಿಗಳು ಅದನ್ನು ಕೊರೆದು ಎಂಟು ಲಕ್ಷ ವರ್ಷಗಳ ದಾಖಲೆಯನ್ನು ಹೊರತೆಗೆದಿದ್ದಾರೆ.

ಆ ದಾಖಲೆಯನ್ನು ಓದುವ ವಿಧಾನ ನೀರಿನ ಅಣುವಿನಲ್ಲೇ ಇದೆ. ನೀರಿನಲ್ಲಿ ಸಾಮಾನ್ಯ ಅಣುಗಳ ಜೊತೆ ತುಸು ತೂಕದ ಅಣುಗಳೂ ಇರುತ್ತವೆ: ಕೆಲವುಗಳಲ್ಲಿ ಆಮ್ಲಜನಕ-18 ಎಂಬ ತೂಕದ ಆಮ್ಲಜನಕ, ಕೆಲವುಗಳಲ್ಲಿ ಡ್ಯೂಟೀರಿಯಂ ಎಂಬ ತೂಕದ ಜಲಜನಕ. ಮೋಡ ಮುಂದೆ ಸಾಗುತ್ತ ಮಳೆ ಸುರಿಸಿದಂತೆ ತೂಕದ ಅಣುಗಳು ಮೊದಲು ಕೆಳಗಿಳಿಯುತ್ತವೆ, ಉಳಿದ ಆವಿ ಹಗುರಾಗುತ್ತ ಹೋಗುತ್ತದೆ. ಅರಬ್ಬೀ ಸಮುದ್ರದಿಂದ ಬಂದ ಮುಂಗಾರು ಸಕಲೇಶಪುರದ ಘಟ್ಟದಂಚಿನಲ್ಲಿ ಬಹುಪಾಲು ಸುರಿದು, ಹಾಸನ ದಾಟಿ ಅರಸೀಕೆರೆಯ ಬಯಲಿಗೆ ಬರುವ ಹೊತ್ತಿಗೆ ಬರಿದಾಗುವಾಗಲೂ ಇದೇ ನಿಯಮ ನಡೆಯುತ್ತದೆ. ಧ್ರುವ ತಲುಪುವ ಆವಿಯ ಪಯಣ ಇದಕ್ಕಿಂತ ಬಹಳ ಉದ್ದ, ದಾರಿ ಬಹಳ ತಣ್ಣಗಿನದು. ಹೀಗಾಗಿ ಅಲ್ಲಿ ಬೀಳುವ ಹಿಮದಲ್ಲಿ ತೂಕದ ಅಣುಗಳು ಎಷ್ಟು ಕಡಿಮೆಯಾಗಿವೆ ಎಂಬುದರಿಂದ ಆ ಕಾಲದ ಚಳಿಯನ್ನು ಅಂದಾಜಿಸಬಹುದು. ಆಮ್ಲಜನಕ-18 ಮತ್ತು ಡ್ಯೂಟೀರಿಯಂ ಎರಡನ್ನೂ ಒಟ್ಟಿಗೆ ಅಳೆದರೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಅವುಗಳ ನಡುವಿನ ಸಣ್ಣ ವ್ಯತ್ಯಾಸವು ಆವಿ ಸಮುದ್ರದಿಂದ ಎದ್ದಾಗ ಅಲ್ಲಿನ ನೀರು ಎಷ್ಟು ಬೆಚ್ಚಗಿತ್ತು, ಗಾಳಿ ಎಷ್ಟು ಒಣಗಿತ್ತು ಎಂಬುದನ್ನು ಹೇಳುತ್ತದೆ. ಅಂದರೆ ಹಿಮವು ತಾನು ಬಿದ್ದ ಜಾಗದ ಜೊತೆಗೆ ತಾನು ಹೊರಟ ಜಾಗದ ಸುಳಿವನ್ನೂ ಇಟ್ಟುಕೊಂಡಿರುತ್ತದೆ.

ರಷ್ಯಾದ ವೊಸ್ಟೋಕ್ ಕೇಂದ್ರದಲ್ಲಿ ಕೊರೆದ ಹಿಮದಲ್ಲಿ ಈ ಎರಡನೆಯ ಸುಳಿವನ್ನು ನೋಡಿದಾಗ ಎದ್ದು ಕಂಡದ್ದು 41,000 ವರ್ಷಗಳ ಲಯ, ಅಂದರೆ ಅಕ್ಷದ ಓಲು. ಕಾರಣ ಹೀಗಿದೆ. ಓಲು 22.1ರಿಂದ 24.5 ಡಿಗ್ರಿಗೆ ಏರಿದರೆ ಧ್ರುವಕ್ಕೆ ವರ್ಷದಲ್ಲಿ ಸಿಗುವ ಸರಾಸರಿ ಬಿಸಿಲು ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ, ಸಮಭಾಜಕದ ಬಳಿ ಸ್ವಲ್ಪ ಕಡಿಮೆಯಾಗುತ್ತದೆ. ಎರಡರ ನಡುವಿನ ಅಂತರ ತಗ್ಗುತ್ತದೆ. ಓಲು ಇಳಿದಾಗ ಇದು ತಿರುಗುಮುರುಗು. ಧ್ರುವ ತಂಪಾಗುತ್ತದೆ, ಉಷ್ಣವಲಯ ತುಸು ಬಿಸಿಯಾಗುತ್ತದೆ, ಅಂತರ ಹೆಚ್ಚಿದಂತೆ ಗಾಳಿಯು ಕೆಳ ಅಕ್ಷಾಂಶಗಳ ಬೆಚ್ಚಗಿನ ಸಮುದ್ರದ ಆವಿಯನ್ನು ಧ್ರುವದತ್ತ ಹೆಚ್ಚು ಒಯ್ಯುತ್ತದೆ. ಓಲು ಕಡಿಮೆಯಿದ್ದ ಕಾಲದ ವೊಸ್ಟೋಕ್ ಹಿಮದಲ್ಲಿ ದೂರದ, ಬೆಚ್ಚಗಿನ ಮೂಲದ ಆವಿಯ ಪಾಲು ಹೆಚ್ಚಿರುವುದು ಈ ವಿವರಣೆಗೆ ಹೊಂದುತ್ತದೆ. ಒಂದೇ ಓಲು ಒಂದು ಕಡೆ ಬೇಸಿಗೆಯ ಕರಗುವಿಕೆಯನ್ನು ತಡೆಯುತ್ತದೆ, ಇನ್ನೊಂದು ಕಡೆ ಹಿಮವಾಗಬೇಕಾದ ನೀರನ್ನು ತಂದು ಒದಗಿಸುತ್ತದೆ. ಎರಡೂ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದಲೇ ಓಲಿಗೆ ಹಿಮಯುಗಗಳಲ್ಲಿ ಅಷ್ಟು ದೊಡ್ಡ ಪಾತ್ರ ಸಿಕ್ಕಿತೆಂದು ನನ್ನ ಅಭಿಪ್ರಾಯ. ಸುಮಾರು ಹತ್ತು ಲಕ್ಷ ವರ್ಷಗಳ ಹಿಂದಿನವರೆಗೆ ಹಿಮಹಾಸುಗಳು ಬೆಳೆದು ಕರಗುತ್ತಿದ್ದುದು 41,000 ವರ್ಷಗಳ ಲಯದಲ್ಲೇ.

ಉತ್ತರ ಗೋಳಾರ್ಧದಲ್ಲಿ ಕೊನೆಯ ಹಿಮಯುಗ ಶುರುವಾದ ಬಗೆಯೂ ಇದನ್ನೇ ತೋರಿಸುತ್ತದೆ. ಸುಮಾರು 1,16,000 ವರ್ಷಗಳ ಹಿಂದೆ ಓಲು ಇಳಿದಿತ್ತು, ಉತ್ತರದ ಬೇಸಿಗೆ ಸೂರ್ಯನಿಂದ ದೂರದ ಕಾಲದಲ್ಲಿ ಬರುತ್ತಿತ್ತು, ಉತ್ಕೇಂದ್ರತೆಯೂ ಈಗಿನದಕ್ಕಿಂತ ಹೆಚ್ಚಿತ್ತು. ಕೆನಡಾದ ಎತ್ತರದ ನೆಲದಲ್ಲಿ ಹಿಮ ಬೇಸಿಗೆಯನ್ನು ದಾಟಿ ಉಳಿಯತೊಡಗಿತು. ಆದರೆ ಆಗಲೂ ಉತ್ತರ ಅಟ್ಲಾಂಟಿಕ್ ಸಮುದ್ರ ಕೆಲವು ಸಾವಿರ ವರ್ಷಗಳ ಕಾಲ ಬೆಚ್ಚಗೇ ಉಳಿದಿತ್ತೆಂದು ತಳದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳ ಚಿಪ್ಪುಗಳಿಂದ ತಿಳಿದಿದೆ. ತಣ್ಣಗಾದ ನೆಲ, ಅದರ ಮಗ್ಗುಲಲ್ಲೇ ಆವಿಯಾಗುತ್ತಿರುವ ಬೆಚ್ಚಗಿನ ಸಮುದ್ರ: ಹಿಮಹಾಸು ಬೇಗ ಬೆಳೆಯಲು ಬೇಕಾದದ್ದು ಈ ಜೋಡಿ. ಸಮುದ್ರವೂ ತಣ್ಣಗಾಗಿ ಹೆಪ್ಪುಗಟ್ಟಿದ ಮೇಲೆ ಧ್ರುವಪ್ರದೇಶ ಒಣಗಿತು. ಹಿಮಯುಗದ ತೀವ್ರ ಘಟ್ಟದಲ್ಲಿ ಡೋಮ್ ಸಿಯಲ್ಲಿ ಹಿಮಪಾತ ಈಗಿನದರ ಅರ್ಧದಷ್ಟಕ್ಕೆ ಇಳಿದಿತ್ತು, ಅದರೊಡನೆ ಬೀಳುತ್ತಿದ್ದ ಧೂಳು ಇಪ್ಪತ್ತು ಪಟ್ಟಿಗೂ ಹೆಚ್ಚಿತ್ತು. ಸುಮಾರು 21,000 ವರ್ಷಗಳ ಹಿಂದೆ ಭೂಮಿಯ ಮೇಲೆ ಹಿಮ ಅತಿ ಹೆಚ್ಚಿದ್ದಾಗ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆ ನೀರೆಲ್ಲ ಆವಿಯಾಗಿ ಹೋಗಿ ನೆಲದ ಮೇಲೆ ಹಿಮವಾಗಿ ಕುಳಿತಿತ್ತು. ಇದೆಲ್ಲಕ್ಕೂ ಜೊತೆಗೂಡಿದ ಇನ್ನೊಂದು ಶಕ್ತಿ ಇಂಗಾಲದ ಡೈಆಕ್ಸೈಡ್: ಹಿಮಯುಗಗಳಲ್ಲಿ ಹತ್ತು ಲಕ್ಷಕ್ಕೆ ಸುಮಾರು 180 ಭಾಗ, ನಡುವಿನ ಬೆಚ್ಚಗಿನ ಕಾಲಗಳಲ್ಲಿ ಸುಮಾರು 280 ಭಾಗ.

ಇದೇ ಕಕ್ಷೆ ನಮ್ಮ ಮುಂಗಾರನ್ನೂ ಆಳುತ್ತದೆ, ಆದರೆ ಇಲ್ಲಿ ಮೇಲುಗೈ ಓಲಿನದಲ್ಲ, ಪುರರವಿಯದು. ಸುಮಾರು 11,000 ವರ್ಷಗಳ ಹಿಂದೆ ಪುರರವಿ ಉತ್ತರದ ಬೇಸಿಗೆಯಲ್ಲಿ ಬರುತ್ತಿತ್ತು. ಏಷ್ಯಾದ ನೆಲ ಹೆಚ್ಚು ಕಾದು, ಸಮುದ್ರದ ಗಾಳಿಯನ್ನು ಹೆಚ್ಚು ಬಲವಾಗಿ ಸೆಳೆಯುತ್ತಿತ್ತು. ಸಹಾರಾದಲ್ಲಿ ಕೆರೆಗಳಿದ್ದ ಕಾಲ ಅದು. ದಕ್ಷಿಣ ಭಾರತದ ಸಾಕ್ಷ್ಯ ಸಿಕ್ಕಿರುವುದು ನೀಲಗಿರಿಯಲ್ಲಿ: ಅಲ್ಲಿನ ಜೌಗು ಕಣಿವೆಗಳ ಕಪ್ಪು ಮಣ್ಣಿನಲ್ಲಿರುವ ಇಂಗಾಲವನ್ನು ಪರಿಸರ ವಿಜ್ಞಾನಿ ಆರ್. ಸುಕುಮಾರ್ ಮತ್ತು ಸಂಗಡಿಗರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು 20,000ದಿಂದ 16,000 ವರ್ಷಗಳ ಹಿಂದೆ ಒಣ ಹವೆಯ ಹುಲ್ಲುಗಾವಲು ಹಬ್ಬಿದ್ದುದೂ, ಸುಮಾರು 11,000 ವರ್ಷಗಳ ಹಿಂದೆ ತೇವ ಹೆಚ್ಚಿದ್ದುದೂ ಕಂಡುಬಂತು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳಲ್ಲಿಯೂ ಅಂಥದೇ ಶೋಲಾ ಕಾಡು ಮತ್ತು ಹುಲ್ಲುಗಾವಲುಗಳ ಜೋಡಣೆ ಇದೆ. ಹುಲ್ಲುಬೆಟ್ಟಗಳನ್ನು ಪಾಳುಭೂಮಿಯೆಂದು ಎಣಿಸಿ ಮರ ನೆಡಲು ಹೊರಡುವವರು ಈ ಇತಿಹಾಸವನ್ನು ಗಮನಿಸಬೇಕು. ಆ ಹುಲ್ಲು ಅಲ್ಲಿನ ಹಳೆಯ ನಿವಾಸಿ.

ಈಗ ಮೊದಲಿನ ವಾದಕ್ಕೆ ಬರಬಹುದು. ಕಕ್ಷೆಯ ಪ್ರಕಾರ ಇಂದು ಏನಾಗಬೇಕು? ಓಲು ಹತ್ತು ಸಾವಿರ ವರ್ಷಗಳಿಂದ ಇಳಿಯುತ್ತಿದೆ. ಪುರರವಿ ಉತ್ತರದ ಚಳಿಗಾಲದಲ್ಲಿದೆ. 65 ಡಿಗ್ರಿ ಉತ್ತರದ ಜೂನ್ ಬಿಸಿಲು 11,000 ವರ್ಷಗಳ ಹಿಂದೆ ಇದ್ದುದಕ್ಕಿಂತ ಶೇಕಡ 8ಕ್ಕೂ ಹೆಚ್ಚು ಕಡಿಮೆಯಾಗಿದೆ. ಆರ್ಕ್ಟಿಕ್ ಪ್ರದೇಶ ನಿಧಾನವಾಗಿ ತಣ್ಣಗಾಗುತ್ತಿರಬೇಕಿತ್ತು, ಮತ್ತು ಹಾಗೆಯೇ ಆಗುತ್ತಿತ್ತು. ಕೆರೆಗಳ ಹೂಳು, ಹಿಮ ಮತ್ತು ಮರದ ಉಂಗುರಗಳಿಂದ ಕಳೆದ ಎರಡು ಸಾವಿರ ವರ್ಷಗಳ ಆರ್ಕ್ಟಿಕ್ ಬೇಸಿಗೆಯ ಉಷ್ಣತೆಯನ್ನು ಪುನರ್ರಚಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವು ಈ ನಿಧಾನದ ಇಳಿಕೆಯನ್ನೂ, ಇಪ್ಪತ್ತನೇ ಶತಮಾನದಲ್ಲಿ ಅದು ತಟ್ಟನೆ ಮೇಲ್ಮುಖವಾಗಿ ತಿರುಗಿದ್ದನ್ನೂ ತೋರಿಸಿತು. ಕಕ್ಷೆ ತಿರುಗಲಿಲ್ಲ, ಅದರ ದಿಕ್ಕು ಹಿಂದಿನದೇ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ನಾಲ್ಕು ಪಟ್ಟಿನ ಸಮೀಪದ ವೇಗದಲ್ಲಿ ಬಿಸಿಯಾಗಿದೆ. ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 420 ಭಾಗವನ್ನು ದಾಟಿದೆ. ಎಂಟು ಲಕ್ಷ ವರ್ಷಗಳ ಹಿಮದಲ್ಲಿ ಸೆರೆಯಾದ ಗಾಳಿಯ ಗುಳ್ಳೆಗಳಲ್ಲಿ ಅದು 300ರ ಆಸುಪಾಸನ್ನು ಮೀರಿದ ಕುರುಹೇ ಇಲ್ಲ.

ತೇವಾಂಶದ ಲೆಕ್ಕವೂ ಬದಲಾಗಿದೆ. ಸೆಪ್ಟೆಂಬರಿನ ಆರ್ಕ್ಟಿಕ್ ಸಮುದ್ರಹಿಮ 1979ರಲ್ಲಿ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಇದ್ದುದು 2012ರಲ್ಲಿ ಸುಮಾರು 34 ಲಕ್ಷಕ್ಕೆ ಇಳಿಯಿತು. ತೆರೆದ ನೀರಿನಿಂದ ಆವಿ ಅಲ್ಲಿಯೇ ಏಳುತ್ತದೆ, ದಕ್ಷಿಣದಿಂದ ಬರುವ ಬೆಚ್ಚಗಿನ ಗಾಳಿಯೂ ಹೆಚ್ಚು ಆವಿ ಹೊತ್ತು ತರುತ್ತದೆ. 2021ರ ಆಗಸ್ಟ್ 14ರಂದು ಗ್ರೀನ್‌ಲ್ಯಾಂಡಿನ ಹಿಮಹಾಸಿನ ನೆತ್ತಿಯಲ್ಲಿ, 3,200 ಮೀಟರ್ ಎತ್ತರದಲ್ಲಿರುವ ಸಂಶೋಧನಾ ಕೇಂದ್ರದಲ್ಲಿ, ದಾಖಲೆ ಇಡಲು ಶುರುವಾದ ಮೇಲೆ ಮೊದಲ ಬಾರಿಗೆ ಹಿಮದ ಬದಲು ಮಳೆ ಬಿತ್ತು. 2022ರ ಮಾರ್ಚ್‌ನಲ್ಲಿ ಅಂಟಾರ್ಕ್ಟಿಕಾದ ಡೋಮ್ ಸಿಯಲ್ಲಿರುವ ಕಾಂಕಾರ್ಡಿಯಾ ಕೇಂದ್ರದಲ್ಲಿ, ಉತ್ತರದ ಸಮುದ್ರದಿಂದ ನುಗ್ಗಿದ ಆವಿಯ ಪ್ರವಾಹದಿಂದ ಉಷ್ಣತೆ ವಾಡಿಕೆಗಿಂತ 38 ಡಿಗ್ರಿಗೂ ಹೆಚ್ಚು ಏರಿ ಮೈನಸ್ 12ರ ಆಸುಪಾಸಿಗೆ ಬಂತು. ಆವಿ ಹೆಚ್ಚು ತಲುಪಿದರೆ ಹಿಮ ಹೆಚ್ಚು ಬಿದ್ದು ಸಮತೋಲನವಾಗುತ್ತದೆಂಬ ಮಾತಿಗೆ ಅಂಟಾರ್ಕ್ಟಿಕಾದ ಕೆಲವು ಭಾಗಗಳಲ್ಲಿ ಆಧಾರವಿದೆ, ಗ್ರೀನ್‌ಲ್ಯಾಂಡಿನಲ್ಲಿಲ್ಲ. ಅಲ್ಲಿ 2002ರಿಂದೀಚೆಗೆ ವರ್ಷಕ್ಕೆ ಸರಾಸರಿ 250 ಶತಕೋಟಿ ಟನ್ನಿಗೂ ಹೆಚ್ಚು ಹಿಮ ನಷ್ಟವಾಗಿದೆ. ಓಲು ಇಳಿಯುವ ಕಾಲದಲ್ಲಿ ಧ್ರುವಕ್ಕೆ ಹೋಗುವ ಆವಿ ಹಿಮವಾಗಿ ಉಳಿಯುತ್ತಿತ್ತು. ಈಗ ಓಲು ಇಳಿಯುತ್ತಿದ್ದರೂ ಆ ಆವಿಯ ಒಂದು ಪಾಲು ಮಳೆಯಾಗಿ ಬಿದ್ದು ಹಿಮವನ್ನು ಕರಗಿಸುತ್ತಿದೆ.

ಮಲೆನಾಡಿನ ಮಟ್ಟಿಗೂ ಲೆಕ್ಕ ಇದೇ ರೀತಿ ನಿಲ್ಲುತ್ತದೆ. ಕಕ್ಷೆಯ ಪ್ರಕಾರ ಹನ್ನೊಂದು ಸಾವಿರ ವರ್ಷಗಳಿಂದ ಮುಂಗಾರಿನ ಬಲ ಮೆಲ್ಲಗೆ ತಗ್ಗುತ್ತ ಬಂದಿರಬೇಕು, ಅದೂ ಒಬ್ಬ ಬೆಳೆಗಾರನ ಜೀವಮಾನದಲ್ಲಿ ಯಾವ ಮಳೆಮಾಪಕಕ್ಕೂ ಸಿಗದಷ್ಟು ನಿಧಾನವಾಗಿ. ಮೂವತ್ತು ನಲವತ್ತು ವರ್ಷಗಳ ತೋಟದ ಪುಸ್ತಕದಲ್ಲಿ ಕಾಣುವ ಬದಲಾವಣೆ ಎಲ್ ನಿನೋದ್ದಿರಬಹುದು, ಕಾಡು ಕಡಿದದ್ದರದ್ದಿರಬಹುದು, ಬೆಚ್ಚಗಾದ ಅರಬ್ಬೀ ಸಮುದ್ರ ಮತ್ತು ಹೆಚ್ಚು ಆವಿ ಹೊತ್ತ ಗಾಳಿಯದ್ದಿರಬಹುದು. ಇವುಗಳನ್ನು ಬೇರ್ಪಡಿಸಿ ನೋಡುವ ಕೆಲಸ ಕಷ್ಟದ್ದು, ಆಗಲೇಬೇಕಾದದ್ದು. ಈ ಅಲ್ಪಾವಧಿಯ ಲೆಕ್ಕದಲ್ಲಿ ಕಕ್ಷೆಗೆ ಪಾತ್ರವಿಲ್ಲ. ಮುಂದಿನ ಹಿಮಯುಗ ಯಾವಾಗ ಬರಬಹುದಿತ್ತು ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ: ಕೆಲವರ ಲೆಕ್ಕದಲ್ಲಿ ಇನ್ನು ಹತ್ತು ಸಾವಿರ ವರ್ಷಗಳಲ್ಲಿ, ಉತ್ಕೇಂದ್ರತೆ ಇಳಿಯುತ್ತಿರುವುದನ್ನು ಮುಖ್ಯವೆಂದು ಎಣಿಸುವವರ ಲೆಕ್ಕದಲ್ಲಿ ಐವತ್ತು ಸಾವಿರ ವರ್ಷಗಳಲ್ಲಿ. ಈಗ ಗಾಳಿಗೆ ಸೇರಿರುವ ಇಂಗಾಲದ ಡೈಆಕ್ಸೈಡ್‌ನ ಒಂದು ಪಾಲು ಸಾವಿರಾರು ವರ್ಷ ಅಲ್ಲೇ ಉಳಿಯುವುದರಿಂದ, ಆ ದಿನ ಇನ್ನೂ ದೂರ ಹೋಗುತ್ತದೆ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. 2025ರ ಜನವರಿಯಲ್ಲಿ ಡೋಮ್ ಸಿ ಬಳಿಯ ಹೊಸ ಕೊರೆತ 2,800 ಮೀಟರ್ ಆಳದಲ್ಲಿ ತಳದ ಬಂಡೆಯನ್ನು ಮುಟ್ಟಿ, ಹನ್ನೆರಡು ಲಕ್ಷ ವರ್ಷಗಳಿಗೂ ಹಿಂದಿನ ಹಿಮವನ್ನು ಮೇಲೆ ತಂದಿದೆ. 41,000 ವರ್ಷಗಳ ಲಯ ಏಕೆ ಒಂದು ಲಕ್ಷ ವರ್ಷಗಳದ್ದಾಗಿ ಬದಲಾಯಿತು, ಆಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು, ಧ್ರುವಕ್ಕೆ ಆವಿ ಯಾವ ಸಮುದ್ರದಿಂದ ಬರುತ್ತಿತ್ತು ಎಂಬ ಪ್ರಶ್ನೆಗಳನ್ನು ಆ ಹಿಮದ ಮುಂದೆ ಇಡಬಹುದಾಗಿದೆ.